ಹಳಿಯ ಕೆಳಗಿನ ಅಂಗಳ

ಮೊದಲು ನಮ್ಮ ಬಂಧುಬಳಗದಲ್ಲಿ ಓಡಾಡುತ್ತಿರುವ ಕಥೆಯನ್ನು ಸರಿಪಡಿಸಿಬಿಡುತ್ತೇನೆ. ಆ ದಿನ ಪುಣೆಯ ಲೋಕಲ್ ರೈಲು ತಾನಾಗಿ ನಿಲ್ಲಲಿಲ್ಲ. ಡಬ್ಬಿಯೊಳಗೆ ಸಮುದ್ರದ ವಾಸನೆ ಬರಲಿಲ್ಲ. ನನ್ನ ಸೋದರಮಾವ ಬಿಕ್ಕಿ ಬಿಕ್ಕಿ ಅಳಲೂ ಇಲ್ಲ. ಮದುವೆಮನೆಯ ಊಟದ ಪಂಕ್ತಿಯಲ್ಲಿ ಇದನ್ನೆಲ್ಲ ಕಣ್ಣಾರೆ ಕಂಡಂತೆ ಹೇಳುವವರಲ್ಲಿ ಒಬ್ಬರೂ ಆ ರೈಲಿನಲ್ಲಿ ಇರಲಿಲ್ಲ. ಇದ್ದವಳು ನಾನು. ನಡೆದದ್ದು ಬಹಳ ಸಣ್ಣದು. ದೊಡ್ಡದಾಗಿದ್ದರೆ ಸುಳ್ಳೆಂದು ತಳ್ಳಿಹಾಕಿ ಹಾಯಾಗಿರುತ್ತಿದ್ದೆ.

ಇಂಥದ್ದನ್ನು ನಾನು ನಂಬುವವಳಲ್ಲ. ಕಾನೂನು ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು. ಯಾರಾದರೂ ದೆವ್ವದ ಸುದ್ದಿ ತೆಗೆದರೆ, "ನೀವೇ ನೋಡಿದ್ದಾ, ಯಾರೋ ಹೇಳಿದ್ದಾ?" ಎಂದು ಮೊದಲ ವಾಕ್ಯಕ್ಕೇ ಅಡ್ಡಗಾಲು ಹಾಕುತ್ತಿದ್ದೆ. ಈಗ ಅದೇ ಪ್ರಶ್ನೆಯನ್ನು ನನಗೆ ಕೇಳಿದರೆ, ಅರ್ಧ ನೋಡಿದ್ದು, ಅರ್ಧ ಕೇಳಿದ್ದು ಎನ್ನಬೇಕಾಗುತ್ತದೆ.

ನಮ್ಮದು ಕರಾವಳಿಯ ಊರು, ಈಗ ಪಟ್ಟಣ ಬೆಳೆದು ಅದರ ಅಂಚಿಗೆ ಸೇರಿಕೊಂಡಿದೆ. ಹೆಸರು ಬರೆಯುವುದಿಲ್ಲ; ಬರೆದರೆ ನಾಳೆಯೇ ಕ್ಯಾಮೆರಾ ಹಿಡಿದುಕೊಂಡು ಹೊರಡುವವರಿದ್ದಾರೆ. ಅಲ್ಲಿ ಎರಡು ಸ್ಟೇಷನ್‌ಗಳಿವೆ. ದಕ್ಷಿಣದಿಂದ ಬಂದ ಹಳಿ ಮೊದಲು ಅಲ್ಲಿಗೇ ಮುಗಿಯುತ್ತಿತ್ತು; ಆಗಿನದು ಹಳೇ ಸ್ಟೇಷನ್. ಅದರ ಪ್ಲಾಟ್‌ಫಾರ್ಮಿನ ಮೇಲೆ ಈಗ ಬಲೆ ಒಣಗಿಸುತ್ತಾರೆ. ಆಮೇಲೆ ಹಳಿ ಉತ್ತರಕ್ಕೆ ಮುಂದುವರಿದು, ಹೊಳೆಗೆ ಸೇತುವೆಯಾಗಿ, ಸೇತುವೆಯ ದಕ್ಷಿಣಕ್ಕೆ ಹೊಸ ಸ್ಟೇಷನ್ ಬಂತು. ಸೇತುವೆಗೂ ಹೊಸ ಸ್ಟೇಷನ್ನಿಗೂ ನಡುವೆ ಇದ್ದದ್ದು ನಮ್ಮ ಮನೆ.

ಅದಕ್ಕೂ ಮೊದಲು ಪುಣೆಗೆ ಹೋಟೆಲ್ ಕೆಲಸಕ್ಕೆ ಬರುವವರು ಬಸ್ಸಿನಲ್ಲಿ ಘಾಟಿ ಹತ್ತಿ, ಹುಬ್ಬಳ್ಳಿಯಲ್ಲಿ ರೈಲು ಹಿಡಿಯಬೇಕಿತ್ತು. ಹೊಸ ಹಳಿ ಊರವರಿಗೆಲ್ಲ ಮನೆಗೆ ಹೋಗುವ ದಾರಿ ಕೊಟ್ಟಿತು. ನನ್ನ ಮಾವನಿಗೆ ಮಾತ್ರ ಇದ್ದ ದಾರಿಯೂ ಮುಚ್ಚಿಹೋಯಿತು. ನಮ್ಮಲ್ಲಿ ಮನೆ ಹೆಣ್ಣುಮಕ್ಕಳದ್ದು, ಯಜಮಾನಿಕೆ ಅವರ ಅಣ್ಣತಮ್ಮಂದಿರದ್ದು. ಹಾಗಾಗಿ ಮನೆ, ಅಂಗಳ ರೈಲ್ವೆಗೆ ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕಿದವರು, ಆಗಿನ್ನೂ ಮೀಸೆ ಚಿಗುರುತ್ತಿದ್ದ ಮಾವ. ಅವರ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಒಂದು ಮಾತೂ ಬೈಯಲಿಲ್ಲವಂತೆ. ಹಳಿಯ ಆಚೆಗೆ ಉಳಿದ ತುಂಡು ಜಾಗದಲ್ಲಿ ಮನೆ ಕಟ್ಟಿಸಿಕೊಂಡು ಒಂದು ನಿಯಮ ಮಾತ್ರ ಮಾಡಿದರು: ರೈಲಿನಲ್ಲಿ ಬರುವಾಗ ಸೇತುವೆಯ ಸದ್ದು ಮುಗಿದ ಕೂಡಲೇ ಚಪ್ಪಲಿ ಬಿಟ್ಟು ಎದ್ದು ನಿಲ್ಲಬೇಕು. ಕೆಳಗಿರುವುದು ನಮ್ಮ ಅಂಗಳ. ಮನೆಯವರೆಲ್ಲ ಇವತ್ತಿಗೂ ಪಾಲಿಸುತ್ತಾರೆ. ಎಸಿ ಕೋಚಿನಲ್ಲಿ ಬರಿಗಾಲಲ್ಲಿ ಸಾಲಾಗಿ ನಿಂತ ನಮ್ಮನ್ನು ನೋಡಿ ಟಿಕೆಟ್ ಪರೀಕ್ಷಕರು ದಾರಿಬಿಟ್ಟು ನಿಂತದ್ದೂ ಉಂಟು.

ಮಾವ ನಿಲ್ಲಲಿಲ್ಲ, ಕೂರಲೂ ಇಲ್ಲ. ಆ ಮಾರ್ಗದಲ್ಲಿ ಅವರು ಹೋಗಲೇ ಇಲ್ಲ. ಪುಣೆಯ ಶಿವಾಜಿನಗರದಲ್ಲಿ ಹೋಟೆಲ್ ನಡೆಸುತ್ತಾ ಇಲ್ಲೇ ಉಳಿದರು. ಅಮ್ಮನೂ ನಾನೂ ಇರುವುದು ಪುಣೆಯಲ್ಲೇ.

ಮೂರು ವರ್ಷದ ಹಿಂದೆ ದೊಡ್ಡಮ್ಮ ಜ್ವರದಿಂದ ಹಾಸಿಗೆ ಹಿಡಿದರು. ನೋಡಿಕೊಳ್ಳಲು ಅಮ್ಮ ಊರಿಗೆ ಹೋದಳು. ಡಾಕ್ಟರು ಕೈಚೆಲ್ಲುವ ಮಾತಾಡುತ್ತಿದ್ದಾರೆ, ಅಕ್ಕ ತಮ್ಮನನ್ನು ಕೇಳುತ್ತಿದ್ದಾಳೆ ಎಂದು ಅಲ್ಲಿಂದ ಫೋನು ಮಾಡಿ, "ನೀನು ಎಲ್ಲರ ಹತ್ರ ವಾದ ಮಾಡ್ತಿಯಲ್ಲ, ಮಾವನ ಹತ್ರ ಮಾಡು ನೋಡುವ" ಎಂದಳು.

ಮಾವ ಪುಣೆಯ ಹೊರಗಿನ ತಳೇಗಾಂವ್‌ನಲ್ಲಿ ಇನ್ನೊಂದು ಹೋಟೆಲಿಗೆ ಜಾಗ ನೋಡಲು ಹೊರಟಿದ್ದರು. ನಾನೂ ಜೊತೆಗೆ ಲೋಕಲ್ ಹತ್ತಿದೆ. ಮಧ್ಯಾಹ್ನದ ಬಿಸಿಲು, ಅರ್ಧ ಖಾಲಿ ಡಬ್ಬಿ. ಖಡ್ಕಿ ಬರುವಷ್ಟರಲ್ಲಿ ನನ್ನ ಮೂರು ವಾದಗಳು ಮುಗಿದಿದ್ದವು.

"ನೀವು ಸಹಿ ಹಾಕದಿದ್ರೂ ರೈಲು ಬರ್ತಿತ್ತು ಮಾವ."

"ಬರ್ತಿತ್ತು. ನನ್ನ ಕೈಯಿಂದ ಬರ್ತಿರ್ಲಿಲ್ಲ."

"ದೊಡ್ಡಮ್ಮನೇ ಕರೀತಿದ್ದಾರೆ. ಅವರಿಗಿಲ್ಲದ ಸಿಟ್ಟು ನಿಮಗೆಂತಕ್ಕೆ?"

"ಯಾವ ದಾರಿಯಲ್ಲಿ ಹೋದ್ರೂ ಆ ಹಳಿ ದಾಟದೆ ಅವಳ ಬಾಗಿಲಿಗೆ ಹೋಗ್ಲಿಕ್ಕೆ ಆಗುದಿಲ್ಲ, ವಕೀಲಮ್ಮ. ನಿನ್ನ ಪುಸ್ತಕದಲ್ಲಿ ಇದಕ್ಕೆ ಕಲಮು ಉಂಟಾ?"

ನನಗೆ ರೇಗಿತು. ಎದುರಿನ ಖಾಲಿ ಸೀಟಿನ ಅಂಚಿಗೆ ಒಂದು ಕಾಲು ಕೊಟ್ಟು ಕೂತೆ. ರೈಲು ಮುಳಾ ನದಿಯ ಸೇತುವೆ ಹತ್ತಿತು. ಅದರ ಸದ್ದು ಡಬ್ಬಿಯನ್ನೆಲ್ಲ ತುಂಬಿತು.

ಸೇತುವೆ ಮುಗಿಯಿತು. ಮಾವ ಚಪ್ಪಲಿ ಬಿಟ್ಟು ಎದ್ದು ನಿಂತರು. ಗಡಿಬಿಡಿಯಿಲ್ಲ, ದಿನಾ ಮಾಡುವ ಕೆಲಸದ ಹಾಗೆ. ಈ ಲೋಕಲ್‌ನಲ್ಲಿ ಅವರು ಎಷ್ಟು ಸಲ ಓಡಾಡಿದ್ದಾರೋ. ಹೀಗೆ ನಿಂತದ್ದನ್ನು ನಾನಂತೂ ನೋಡಿರಲಿಲ್ಲ.

"ಏಳು," ಎಂದರು. "ಬೂಟು ತೆಗಿ."

"ಇದು ದಾಪೋಡಿ, ಮಾವ."

ಪಕ್ಕದಲ್ಲಿದ್ದ ಮರಾಠಿ ಗೃಹಸ್ಥರು, ಇವರು ಇಳಿಯುತ್ತಾರೆಂದುಕೊಂಡು ದಾರಿಯಲ್ಲಿದ್ದ ಚೀಲ ಸರಿಸಿ, "ಕಾಕಾ, ಉತರಣಾರ್ ಕಾ?" ಎಂದು ಕೇಳಿದರು. ಹೊರಗಿನವರ ಜೊತೆ ಮರಾಠಿ ಬಿಟ್ಟು ಬೇರೆ ಮಾತಾಡದ ಮಾವ ಅವರಿಗೆ ಊರಿನ ಕನ್ನಡದಲ್ಲೇ ಹೇಳಿದರು: "ಇಲ್ಲ. ನಮ್ಮ ಅಂಗಳ."

ನಾನು ಏಳಲಿಲ್ಲ. ನಾಚಿಕೆಯಾಗಿ ಕಿಟಕಿಯ ಕಡೆ ತಿರುಗಿದೆ. ಹೊರಗೆ ದಾಪೋಡಿಯೇ ಇತ್ತು: ತಗಡಿನ ಮಾಡುಗಳು, ಒಣಗಲು ಹಾಕಿದ ಬಟ್ಟೆ, ಸ್ಟೇಷನ್ನಿನ ಬೋರ್ಡು. ಬೇರೇನೂ ಇರಲಿಲ್ಲ ಎಂದು ಪ್ರಮಾಣ ಮಾಡಿ ಹೇಳುತ್ತೇನೆ. ರೈಲು ನಿಂತು ಹೊರಟಿತು. ಮಾವ ಕೂತು, ಚಪ್ಪಲಿ ಹಾಕಿಕೊಂಡು, ಯಾಕೆ ನಿಂತೆನೆಂದು ಅವರಿಗೇ ಗೊತ್ತಿಲ್ಲದವರಂತೆ ಅಂಗೈ ನೋಡಿಕೊಂಡರು.

ಪಿಂಪ್ರಿ ದಾಟುವಾಗ ಅಮ್ಮನ ಫೋನು ಬಂತು. ಬೈಗುಳದಿಂದಲೇ ಶುರು.

"ನನಗೊಂದು ಮಾತು ಹೇಳದೆ ಹೊರಟ್ರಾ ನೀವಿಬ್ಬರು? ಯಾವ ರೈಲಲ್ಲಿ ಬಂದ್ರಿ?"

"ಎಲ್ಲಿಗಮ್ಮ? ನಾವು ಪಿಂಪ್ರಿಯಲ್ಲಿದ್ದೇವೆ."

ಅಮ್ಮ ಹೇಳಿದಳು: "ಅಕ್ಕ ಈಗ ಎದ್ದು ಕೂತು ಗಂಜಿ ಕೇಳಿದಳು ಮಾರಾಯ್ತಿ. ತಮ್ಮ ಬಂದ, ಅಂಗಳದಲ್ಲಿ ನಿಂತೇ ಹೋದ ಅಂತಾಳೆ. ಹುಡುಗಿ ಮಾತ್ರ ಬೂಟು ಹಾಕ್ಕೊಂಡು ಕೂತಿತ್ತಂತೆ, ಒಂದು ಕಾಲು ಎದುರು ಸೀಟಿನ ಮೇಲೆ. ಅದಕ್ಕೆ ಸ್ವಲ್ಪ ಬುದ್ಧಿ ಹೇಳು ಅಂತ ನನಗೇ ಬೈತಿದ್ದಾಳೆ."

ಫೋನನ್ನು ಮಾವನ ಕೈಗೆ ಕೊಟ್ಟೆ. ಅಮ್ಮ ಅದನ್ನೇ ಮತ್ತೆ ಹೇಳಿರಬೇಕು. ಕೇಳಿಸಿಕೊಂಡು, "ನಾಳೆ ಹೊರಡ್ತೇನೆ" ಎಂದಷ್ಟೇ ಹೇಳಿ ಫೋನು ಇಟ್ಟರು. ನನ್ನ ಮೂರು ವಾದಗಳಲ್ಲಿ ಒಂದೂ ಬೇಕಾಗಲಿಲ್ಲ.

ಅಂದಿನಿಂದ ನಾನು ಎದುರು ಪಕ್ಷದ ವಕೀಲಳಾಗಿ ಇದನ್ನು ಕೆದಕುತ್ತಲೇ ಇದ್ದೇನೆ. ಮಾವ ನಿಂತದ್ದಕ್ಕೆ ಸೇತುವೆಯ ಸದ್ದು ಕಾರಣ. ಸೇತುವೆ ದಾಟಿದರೆ ನಿಲ್ಲಬೇಕೆಂಬುದನ್ನು ಅಕ್ಕತಂಗಿಯರ ಬಾಯಲ್ಲಿ ಕೇಳಿ ಕೇಳಿ ಅವರಿಗೆ ಬಾಯಿಪಾಠವಾಗಿತ್ತು. ಸೀಟಿನ ಮೇಲೆ ಕಾಲಿಡುವುದು ನನ್ನ ಹಳೇ ಚಾಳಿ, ದೊಡ್ಡಮ್ಮನಿಗೂ ಗೊತ್ತು. ನನ್ನ ಫೋನಿನಿಂದ ತಾನಾಗಿ ಕರೆ ಹೋಗಿ ಅವರಿಗೆ ನಮ್ಮ ಮಾತು ಕೇಳಿಸಿರಬಹುದೇ ಎಂದು ಹುಡುಕಿದೆ. ಹಾಗೆ ಹೋದ ಕರೆ ಇರಲಿಲ್ಲ. ಉಳಿದದ್ದು ಜ್ವರ ಮತ್ತು ಕಾಕತಾಳೀಯ. ಬಿಡಿಬಿಡಿಯಾಗಿ ಹಿಡಿದರೆ ಪ್ರತಿಯೊಂದೂ ಒಪ್ಪುವಂಥದ್ದೇ. ಇಲ್ಲಿ ಮಾವ ನಿಂತದ್ದು, ಅಲ್ಲಿ ದೊಡ್ಡಮ್ಮ ಕಂಡದ್ದು, ಎರಡೂ ಅದೇ ಹೊತ್ತಿಗೆ ಯಾಕೆ ಎಂದಾಗ ಮತ್ತೆ ಮೊದಲಿನಿಂದ ಕೆದಕಲು ಕೂರುತ್ತೇನೆ. ಈಗಲೂ ಕೆಲಸದ ಮೇಲೆ ಚಿಂಚ್ವಡದ ಕಡೆ ಹೋಗುವಾಗ ಆ ಸೇತುವೆ ಮುಗಿದ ಕೂಡಲೇ ನನ್ನ ಕಾಲುಗಳನ್ನು ಏನು ಮಾಡಬೇಕೋ ತಿಳಿಯದೆ ಚಡಪಡಿಸುತ್ತೇನೆ.

ಮರುದಿನ ಮಾವನ ಜೊತೆ ನಾನೂ ಊರಿಗೆ ಹೊರಟೆ. ಹೊಳೆ ದಾಟಿದ ಮೇಲೆ ಅವರು ಎದ್ದು ನಿಂತರು. ಈ ಸಲ ನಾನೂ ಬೂಟು ತೆಗೆದು ನಿಂತೆ. ವಾದದಲ್ಲಿ ಸೋತು ಅಲ್ಲ. ಅಂಗಳ ದೊಡ್ಡಮ್ಮನದ್ದು, ನಿಯಮವೂ ಅವರದ್ದೇ. ದೊಡ್ಡಮ್ಮ ಗೋಡೆಗೊರಗಿ ಕೂತಿದ್ದರು. ಮಾವ ಬಾಗಿಲಲ್ಲೇ ತಡೆದು ನಿಂತಾಗ, "ಎಂತ ನೋಡ್ತಿ, ಕಾಲು ತೊಳ್ಕೊಂಡು ಒಳಗೆ ಬಾ. ಮೀನು ಆರ್ತದೆ" ಎಂದರು. ಅಷ್ಟೂ ವರ್ಷಗಳ ಲೆಕ್ಕ ಅಷ್ಟರಲ್ಲೇ ಮುಗಿಯಿತು.

ನನ್ನದು ಮುಗಿಯಲಿಲ್ಲ. ಊಟವಾದ ಮೇಲೆ ಹೊಸ ಸ್ಟೇಷನ್ನಿಗೆ ನಡೆದು ಹೋಗಿ ವಿಚಾರಿಸಿ ಬಂದೆ. ಮಾವ ಮಲಗಿದ್ದರು. ದೊಡ್ಡಮ್ಮ ಕಿಟಕಿಯಿಂದ ಹಳಿಯನ್ನು ನೋಡುತ್ತಿದ್ದರು. ಹತ್ತಿರ ಕೂತು ಕೇಳಿದೆ. ಅವರು ನನ್ನ ಬರಿಗಾಲನ್ನೊಮ್ಮೆ ನೋಡಿ ಮತ್ತೆ ಕಿಟಕಿಯ ಕಡೆ ತಿರುಗಿದರು. ಅವರು ಈಗಲೂ ಗಟ್ಟಿಯಾಗಿದ್ದಾರೆ, ಹೋದಾಗಲೆಲ್ಲ ಕೇಳುತ್ತೇನೆ. ಇಲ್ಲಿಯೂ ಕೇಳುತ್ತೇನೆ:

"ದೊಡ್ಡಮ್ಮ, ಅವತ್ತು ಆ ಹೊತ್ತಿಗೆ ಈ ಹಳಿಯ ಮೇಲೆ ಯಾವ ರೈಲೂ ಹೋಗಿಲ್ಲವಂತೆ. ನೀವು ನಮ್ಮನ್ನು ನೋಡಿದ್ದು ಯಾವ ರೈಲಿನಲ್ಲಿ?"