ಆಕ್ಸಿಲರೇಟರ್ ಕೇಬಲಿನಲ್ಲಿ ದೀಪದ ಎಣ್ಣೆ

ಹೋದ ವರ್ಷ ಇದೇ ಪತ್ರಿಕೆಯಲ್ಲಿ ನನ್ನ ಅನುಭವವೊಂದು ಅಚ್ಚಾಗಿತ್ತು. ಕುಡಿದ ಡ್ರೈವರೊಬ್ಬ ಕಾರನ್ನು ರಸ್ತೆ ಬದಿಯ ಮಣ್ಣಿನ ದರೆಗೆ ಗುದ್ದಿದ್ದು, ಹೊರನಾಡಿನ ಅಮ್ಮ ನನ್ನ ಮಗಳನ್ನು ಉಳಿಸಿಕೊಟ್ಟಿದ್ದು ಕೆಲವರಿಗೆ ನೆನಪಿರಬಹುದು. ಮಗಳು ಉಳಿದದ್ದು ನಿಜ. ಆದರೆ ಆ ಬರಹದಲ್ಲಿ ಒಂದು ಸುಳ್ಳಿತ್ತು. ಗೊತ್ತಿದ್ದು ಬರೆದದ್ದಲ್ಲ, ಆದರೆ ಗೊತ್ತು ಮಾಡಿಕೊಳ್ಳುವ ಗೋಜಿಗೂ ನಾನು ಹೋಗಿರಲಿಲ್ಲ. ಅದನ್ನು ಓದಿ ಕಣ್ಣು ತುಂಬಿ ಬಂತು ಎಂದು ಕಾಗದ ಬರೆದ ಭಕ್ತರೆಲ್ಲ ಇದನ್ನೂ ದಯವಿಟ್ಟು ಓದಬೇಕು.

ನಮ್ಮದು ಜಾವಳಿ ಹತ್ತಿರದ ಸಣ್ಣ ಕಾಫಿ ತೋಟ. ಮಂಜಯ್ಯ ಹನ್ನೊಂದು ವರ್ಷ ನಮ್ಮ ಹಳೇ ಕಾರು ಓಡಿಸಿದವನು. ತೊಂಬತ್ತೆಂಟರ ಜನವರಿಯಲ್ಲಿ ಒಂದು ಬೆಳಿಗ್ಗೆ, ಮಂಜು ಇನ್ನೂ ಬಿಟ್ಟಿರಲಿಲ್ಲ, ಮೂರನೇ ಕ್ಲಾಸಿನ ನನ್ನ ಮಗಳು ಸೌಮ್ಯಳನ್ನು ಮೂಡಿಗೆರೆಯ ಶಾಲೆಗೆ ಬಿಡಲು ಹೊರಟ. ಎರಡು ಮೈಲಿ ಹೋಗುವುದರೊಳಗೆ ಕಾರು ದರೆಗೆ ಗುದ್ದಿತು. ಮಗುವಿನ ತೊಡೆಯ ಮೂಳೆ ಎರಡು ಕಡೆ ಮುರಿಯಿತು, ತಲೆಗೂ ಪೆಟ್ಟು. ಯಾರದೋ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಚಾರ್ಮಾಡಿ ಘಾಟಿ ಇಳಿದೆವು. ಪ್ರತಿ ತಿರುವಿಗೂ ಅವಳು ಕೂಗುತ್ತಿದ್ದಳು. ಉಜಿರೆ ದಾಟಿದ ಮೇಲೆ ಕೂಗುವುದು ನಿಂತಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಮೂರು ದಿನ ಅವಳು ಕಣ್ಣು ಬಿಡಲಿಲ್ಲ.

ಮೂರನೇ ದಿನ ಮಂಜಯ್ಯ ಹಣೆಗೆ ಪಟ್ಟಿ ಕಟ್ಟಿಕೊಂಡು ಬಸ್ಸಿನಲ್ಲಿ ಬಂದ. "ಆಕ್ಸಿಲರೇಟರ್ ಪೆಡ್ಲು ಕೆಳಗೆ ಹೋದದ್ದು ಮೇಲೆ ಬರ್ಲೇ ಇಲ್ಲ ಗೌಡ್ರೇ. ಚಾವಿಗೆ ಕೈ ಹಾಕೋದ್ರೊಳಗೆ ತಿರುವು ಬಂದ್ಬಿಡ್ತು. ಅಮ್ಮನಾಣೆ" ಎಂದ. ರಜೆಯ ದಿನ ಅವನು ಒಂದಿಷ್ಟು ಕುಡಿಯುವುದು ನನಗೆ ಗೊತ್ತಿತ್ತು. ನನಗೆ ಅಷ್ಟು ಸಾಕಾಯಿತು. "ಕುಡ್ದು ಗಾಡಿ ಓಡ್ಸಿ ಅಮ್ಮನ ಹೆಸರು ಬೇರೆ ಹೇಳ್ತೀಯಾ?" ಎಂದು ವಾರ್ಡಿನ ಬಾಗಿಲಲ್ಲೇ, ಹತ್ತು ಜನರ ಎದುರು, ಕುತ್ತಿಗೆ ಹಿಡಿದು ಆಚೆ ತಳ್ಳಿದೆ.

ಆ ಸಂಜೆ ಕಾರಿಡಾರಿನಲ್ಲಿ ಕುಳಿತು ಅಮ್ಮನಲ್ಲಿ ಎರಡು ಬೇಡಿಕೊಂಡೆ. ನನ್ನ ಮಗಳನ್ನು ಉಳಿಸಿಕೊಡು ಎಂಬುದು ಒಂದು. ಅವಳನ್ನು ಈ ಗತಿಗೆ ತಂದವನ ಮುಖ ಎಲ್ಲರಿಗೂ ತೋರಿಸು ಎಂಬುದು ಇನ್ನೊಂದು. ಮರುದಿನ ಬೆಳಿಗ್ಗೆ ಮಗು ಕಣ್ಣು ಬಿಟ್ಟು ನೀರು ಕೇಳಿತು.

ವರ್ಕ್‌ಶಾಪಿನವರು ಮಧ್ಯಾಹ್ನದ ಬಿಸಿಲಿನಲ್ಲಿ ಕಾರು ನೋಡಿ, ಪೆಡಲ್ ಸರಿಯಾಗೇ ಇದೆ ಎಂದರು. ನನಗೆ ಬೇಕಾಗಿದ್ದೂ ಅದೇ. ಸುತ್ತಮುತ್ತಲಿನ ಎಸ್ಟೇಟಿನವರಿಗೆಲ್ಲ ಹೇಳಿದೆ. ಮಂಜಯ್ಯನ ಕೈಗೆ ಯಾರೂ ಸ್ಟಿಯರಿಂಗ್ ಕೊಡಲಿಲ್ಲ. ಅಷ್ಟಕ್ಕೂ ಹೊಟ್ಟೆ ತಣ್ಣಗಾಗದೆ ಈ ಪತ್ರಿಕೆಗೂ ಬರೆದೆ, ಅವನ ಹೆಸರು ಊರು ಹಾಕಿ. ಕಣಿವೆಗೆ ಬೀಳಬೇಕಿದ್ದ ಕಾರನ್ನು ಅಮ್ಮನೇ ದರೆಯ ಕಡೆ ತಿರುಗಿಸಿದಳು ಎಂದೂ ಬರೆದೆ. ಭಕ್ತಿಯ ಜೊತೆಗೆ ಹಗೆಯನ್ನೂ ಸೇರಿಸಿ ಕಳಿಸಿದ್ದೆ. ಓದಿದವರಿಗೆ ಭಕ್ತಿ ಮಾತ್ರ ಕಂಡಿತು.

ಅಪಘಾತವಾಗಿ ವರ್ಷ ತುಂಬಿದ ಜನವರಿಯ ಒಂದು ಭಾನುವಾರ, ಬೆಳಿಗ್ಗೆ ಹೊರನಾಡಿಗೆ ಹೊರಡೋಣವೆಂದು ರಿಪೇರಿಯಾಗಿ ಬಂದಿದ್ದ ಅದೇ ಕಾರನ್ನು ನಾನೇ ಶೆಡ್ಡಿನಲ್ಲಿ ಸ್ಟಾರ್ಟ್ ಮಾಡಿದೆ. ಹೆಂಡತಿ, ಸೌಮ್ಯ ಇನ್ನೂ ಅಂಗಳದಲ್ಲಿದ್ದರು. ಒಮ್ಮೆ ಆಕ್ಸಿಲರೇಟರ್ ಒತ್ತಿ ಕಾಲು ತೆಗೆದೆ. ಪೆಡಲ್ ಮೇಲೆ ಬರಲಿಲ್ಲ. ಇಂಜಿನ್ ಅರಚತೊಡಗಿತು. ಚಾವಿ ತಿರುಗಿಸಿ ಆಫ್ ಮಾಡಿದೆ. ಮಂಜಯ್ಯ ಹೇಳಿದ್ದ ಮಾತು ಅಕ್ಷರಶಃ ಕಿವಿಯಲ್ಲಿತ್ತು.

ಆಮೇಲೆ ಬಾನೆಟ್ ಎತ್ತಿ ನೋಡಿದೆ. ಕಾರ್ಬ್ಯುರೇಟರಿನ ಕಡೆಯಿಂದ ಕೇಬಲ್ ಬಿಚ್ಚಿ, ಅಲ್ಲಿನ ಲಿವರನ್ನು ಬೆರಳಿನಿಂದ ಆಡಿಸಿದೆ. ಅದು ಸಲೀಸಾಗಿ ಆಡಿತು, ಸ್ಪ್ರಿಂಗ್ ಗಟ್ಟಿಯಾಗಿತ್ತು. ಹಿಡಿಯುತ್ತಿದ್ದದ್ದು ಕೇಬಲ್. ಒಳಗಿನ ತಂತಿಯನ್ನು ಇಕ್ಕಳದಿಂದ ಎಳೆದಾಗ ಉದ್ದಕ್ಕೂ ಬೆಣ್ಣೆಯಂತೆ ಬೆಳ್ಳಗೆ ಏನೋ ಮೆತ್ತಿಕೊಂಡು ಬಂತು. ಅದಕ್ಕೆ ದೂಳು ಸೇರಿ ಗಟ್ಟಿಯಾಗಿತ್ತು. ಮೂಸಿದೆ. ತೆಂಗಿನೆಣ್ಣೆ.

ಹಾಕಿದವನು ನಾನೇ. ತೊಂಬತ್ತೇಳರ ಆಯುಧ ಪೂಜೆಯ ದಿನ, ದೇವರ ಮುಂದೆ ಉರಿದು ಉಳಿದ ದೀಪದ ಎಣ್ಣೆ ವ್ಯರ್ಥವಾಗುವುದು ಬೇಡ, ಗಾಡಿಗೂ ರಕ್ಷೆಯಾಗಲಿ ಎಂದು ಕೇಬಲಿನ ಬಾಯಿಗೆ ಬಿಟ್ಟಿದ್ದೆ. ಅಪಘಾತವಾದ ಮೇಲಿನ ಪೂಜೆಗೆ ಭಕ್ತಿ ಹೆಚ್ಚಾಗಿ ಇನ್ನಷ್ಟು ಬಿಟ್ಟೆ. ಹೆಂಡತಿ ಬಂದು ತಂತಿ ನೋಡಿದಳು. "ಚಳಿಗೆ ಗಟ್ಟಿ ಆಗ್ತದೆ ಅಂತ ತಲೆಗೆ ಹಚ್ಚೋ ಎಣ್ಣೆ ಶೀಶೆನ ಬಚ್ಚಲ ಒಲೆ ಹತ್ರ ಇಡ್ತೀವಲ್ರೀ, ಇದು ಗಟ್ಟಿ ಆಗಲ್ವಾ?" ಎಂದಳು. ಬೆಟ್ಟದ ಮೇಲೆ ಹುಟ್ಟಿ ಬೆಳೆದ ನನಗೆ ಅಷ್ಟು ಹೊಳೆದಿರಲಿಲ್ಲ. ವರ್ಕ್‌ಶಾಪಿನವರು ನೋಡುವ ಹೊತ್ತಿಗೆ ಬಿಸಿಲಿಗೆ ಅದು ಕರಗಿತ್ತು. ಅಪಘಾತಕ್ಕೆ ಮೊದಲೇ ಮಂಜಯ್ಯ ಎರಡು ಸಲ, "ಬೆಳಿಗ್ಗೆ ಹೊತ್ತು ಪೆಡ್ಲು ಸ್ವಲ್ಪ ಹಿಡೀತದೆ ಗೌಡ್ರೇ" ಎಂದಿದ್ದ. ಕಾಲು ಸರಿಯಾಗಿ ಇಡು ಎಂದು ಗದರಿದ್ದೆ. ಈಗ ಸೀಮೆಎಣ್ಣೆಯಲ್ಲಿ ತಂತಿ ತೊಳೆದು, ಕೊಳವೆಯೊಳಗೂ ಸೀಮೆಎಣ್ಣೆ ಹಾಯಿಸಿ, ಬಿಸಿಲಿಗೆ ಒಣಗಿಸಿ, ತೆಳುವಾದ ಮೆಷಿನ್ ಆಯಿಲ್ ಹಚ್ಚಿ ಜೋಡಿಸಿದೆ. ಒತ್ತಿ ಬಿಟ್ಟರೆ ಪೆಡಲ್ ಟಕ್ಕೆಂದು ಮೇಲೆ ಬಂತು. ಒಂದು ಗಂಟೆಯ ಕೆಲಸ. ಆ ದರಿದ್ರ ಕೆಲಸವನ್ನು ಒಂದು ವರ್ಷ ಮೊದಲು ಮಾಡದ ನನ್ನ ಕೈಗಳನ್ನು ನೋಡಿದರೆ ಹೇಸಿಗೆಯಾಯಿತು.

ಆ ಕಾರು ಮುಟ್ಟಲು ಮನಸ್ಸಾಗದೆ ಮರುದಿನ ಬಸ್ಸಿನಲ್ಲಿ ಕಳಸಕ್ಕೆ ಹೋದೆ. ಮಂಜಯ್ಯ ಅಲ್ಲಿ ಒಂದು ಗೋಡೌನಿನಲ್ಲಿ ಕಾಫಿ ಮೂಟೆ ಹೊರುತ್ತಿದ್ದ. ನನ್ನನ್ನು ಕಂಡು ಮೂಟೆ ಇಳಿಸಿ, "ಪಾಪು ಓಡಾಡ್ತದಾ ಗೌಡ್ರೇ?" ಎಂದು ಕೇಳಿದ. ಸ್ವಲ್ಪ ಕುಂಟುತ್ತಾಳೆ ಎಂದೆ. ಎಲ್ಲವನ್ನೂ ಹೇಳಿದೆ. ಕೈ ಮುಗಿದೆ. ಕೆಲಸಕ್ಕೆ ವಾಪಸ್ ಬಾ ಎಂದೆ.

"ಬಲಗಡೆ ಕಣಿವೆ ಇತ್ತು. ಪಾಪು ಕೂತಿದೆ ಅಂತ ಎಡಕ್ಕೆ ದರೆಗೆ ತಿರುಗಿಸ್ದೆ. ನೀವು ಅಮ್ಮನೇ ತಿರುಗಿಸಿದ್ಳು ಅಂತ ಬರೆದ್ರಿ. ಅಮ್ಮ ನನ್ನ ಕೈಲಿ ತಿರುಗಿಸಿರಬಾರ್ದಾ?" ಎಂದ. ಹಾಗೇ ಮುಂದುವರಿಸಿದ. "ಕೆಲಸ ಬೇಡ. ನನ್ನ ಹೆಂಡ್ತಿ ರತ್ನ ಆ ಪತ್ರಿಕೆ ತಪ್ಪದೆ ಓದ್ತಾಳೆ. ನೀವು ಬರೆದದ್ದು ಓದಿ ಮಕ್ಕಳನ್ನ ಕರ್ಕೊಂಡು ತವರಿಗೆ ಹೋದ್ಲು. ದೇವರ ಪುಸ್ತಕದಲ್ಲಿ ಸುಳ್ಳು ಬರೀತಾರಾ ಅಂತಾಳೆ. ನಾನು ಹೇಳಿದ್ರೆ ನಂಬಲ್ಲ, ನೀವು ಬಾಯಲ್ಲಿ ಹೇಳಿದ್ರೂ ನಂಬಲ್ಲ. ಅದ್ರಲ್ಲೇ ಬರೀರಿ."

ತಾಯಿ ನನ್ನ ಎರಡು ಬೇಡಿಕೆಗಳನ್ನೂ ನಡೆಸಿಕೊಟ್ಟಳು. ಮಗಳನ್ನು ಕೊಟ್ಟಳು. ಮಗಳನ್ನು ಆ ಗತಿಗೆ ತಂದವನ ಮುಖವನ್ನೂ ತೋರಿಸಿದಳು, ಅದು ನನ್ನದು. ಕೇಳಿದ್ದನ್ನು ಹೀಗೆ ಕೊಡುವವಳಲ್ಲಿ ನನಗೀಗ ಮೊದಲಿಗಿಂತ ನಂಬಿಕೆ ಹೆಚ್ಚು, ಭಯವೂ ಹೆಚ್ಚು. ಅವಳ ಪಾದಕ್ಕೆ ನಮಸ್ಕಾರ.

ರತ್ನಮ್ಮನವರೇ, ನೀವು ಇದನ್ನು ಓದುತ್ತಿದ್ದರೆ, ನಿಮ್ಮ ಗಂಡ ಅವತ್ತು ಕುಡಿದಿರಲಿಲ್ಲ.