ಸರೋವರಕ್ಕೆ ಹೊರಟು ಪಾತ್ರೆಗೆ ಸಿಕ್ಕಿಕೊಂಡದ್ದು

ಐರ್ಲೆಂಡಿನ ಡನ್ ಲಿಯರಿಯಲ್ಲಿ ಸಮುದ್ರದೊಳಕ್ಕೆ ಚಾಚಿದ ಪಿಯರ್ ಮೇಲೆ ಬೆನ್ನಿಗೆ ಸೋನಾ ಮಸೂರಿ ಅಕ್ಕಿ ಹೊತ್ತು ನಡೆದ ಹೆಂಗಸರಲ್ಲಿ ನಾವೇ ಮೊದಲಿಗರಿರಬೇಕು. ದಕ್ಷಿಣ ಅಮೆರಿಕಕ್ಕೆ ಹೊರಡುವ ಮುಂಚೆ ಬೆನ್ನುಚೀಲ ಹೊತ್ತು ಅಭ್ಯಾಸವಾಗಲಿ ಎಂದು ನಾನೇ ತೆಗೆದ ಉಪಾಯ. ಚೀಲಕ್ಕೆ ತುಂಬಲು ತೂಕದ ಸಾಮಾನು ಬೇರೇನೂ ಹೊಳೆಯಲಿಲ್ಲ, ಅಕ್ಕಿಯಂತೂ ಮನೆಯಲ್ಲಿ ಇದ್ದೇ ಇರುತ್ತದೆ. ಗಾಳಿ ಅಂದರೆ ಗಾಳಿ, ಕೂದಲೆಲ್ಲ ಬಾಯೊಳಗೆ. ನಾಯಿ ಹಿಡಿದುಕೊಂಡು ಬಂದ ಮುದುಕರೊಬ್ಬರು ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದರು. ಪೆರುವಿಗೆ ಎಂದೆ. ಅವರು ಪಿಯರ್‌ನ ತುದಿಯ ಕಡೆ ನೋಡಿ, ಗ್ರ್ಯಾಂಡ್, ಭೇಷಾಯ್ತು, ಇನ್ನೇನು ಬಂದೇಬಿಟ್ಟಿತು ಎಂದು ಹೇಳಿ ಮುಂದೆ ಹೋದರು.

ನಾವು ಮೂವರು ಗೆಳತಿಯರು. ನಾನು ಲೀಕ್ಸ್‌ಲಿಪ್‌ನಲ್ಲಿ ಕಂಪ್ಯೂಟರ್ ಚಿಪ್ ತಯಾರಿಸುವ ಕಡೆ ಶಿಫ್ಟ್ ಕೆಲಸದವಳು, ಗಡಿಯಾರ ನೋಡದೆ ನೀರೂ ಕುಡಿಯುವವಳಲ್ಲ. ಇನ್ನೊಬ್ಬಳು ಸ್ಲೈಗೋದ ಆಸ್ಪತ್ರೆಯಲ್ಲಿ ನರ್ಸ್, ಮಂಗಳೂರು ಕಡೆಯವಳು. ಮೂರನೆಯವಳು ಬೆಂಗಳೂರಿನ ಸಾಫ್ಟ್‌ವೇರ್‌ನವಳು, ಡನ್ ಲಿಯರಿಯಲ್ಲೇ ಮನೆ. ಗಂಡ, ಮಕ್ಕಳು ಎಲ್ಲರನ್ನೂ ಬಿಟ್ಟು ಹೊರಡುತ್ತೇವೆ ಎಂದಾಗ ನನ್ನ ಮಗಳು ತನ್ನ ಐರಿಷ್ ಇಂಗ್ಲಿಷಿನಲ್ಲಿ, ಅಲ್ಲಿ ನಿಮಗೆ ಚಹಾ ಯಾರು ಮಾಡಿಕೊಡುತ್ತಾರೆ ಎಂದು ಕೇಳಿದಳು. ಇಲ್ಲಿ ಯಾರು ಮಾಡಿಕೊಡ್ತಿದಾರೆ ಎಂದು ನಾನು ಕನ್ನಡದಲ್ಲೇ ತಿರುಗಿ ಕೇಳಿದೆ.

ಅವರಿಬ್ಬರಿಗೂ ಸುಮ್ಮನೆ ತಿರುಗುವುದೇ ಗುರಿ. ನನಗೆ ಮಾತ್ರ ಟಿಟಿಕಾಕಾ ಸರೋವರ ನೋಡಬೇಕಿತ್ತು. ತಿಪಟೂರಿನ ಶಾಲೆಯಲ್ಲಿ ಒಮ್ಮೆ ಮೇಷ್ಟ್ರು, ದೊಡ್ಡವರಾದ ಮೇಲೆ ಏನು ನೋಡುತ್ತೀರಿ ಎಂದು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದ್ದರು. ಎಲ್ಲರೂ ಜೋಗ, ವಿಧಾನಸೌಧ, ತಾಜಮಹಲು ಎಂದರು. ನಾನು ಹಿಂದಿನ ದಿನವಷ್ಟೇ ಭೂಗೋಳದ ಪುಸ್ತಕದಲ್ಲಿ ಓದಿದ್ದ ಟಿಟಿಕಾಕಾ ಎಂದೆ. ಇಡೀ ತರಗತಿ ಬಿದ್ದೂ ಬಿದ್ದೂ ನಕ್ಕಿತು. ಮೊದಲು ಬೆಂಗಳೂರು ನೋಡು, ಕೂತ್ಕೋ ಎಂದರು ಮೇಷ್ಟ್ರು. ಆ ನಗು ನನ್ನ ಹೊಟ್ಟೆಯೊಳಗೆ ಇಷ್ಟು ವರ್ಷ ಉರಿಯುತ್ತಲೇ ಇತ್ತು. ಸರೋವರದಲ್ಲಿ ಕಾಲಿಟ್ಟು ಫೋಟೊ ತೆಗೆಸಿಕೊಂಡು ಶಾಲೆಯ ವಾಟ್ಸಾಪ್ ಗುಂಪಿಗೆ ಹಾಕಬೇಕು, ಕೆಳಗೆ ಏನು ಬರೆಯಬೇಕು ಎಂಬುದೂ ನಿರ್ಧಾರವಾಗಿತ್ತು. ಇದನ್ನು ಗೆಳತಿಯರಿಗೆ ಮೊದಲೇ ಹೇಳಿದ್ದೆ.

ಸರೋವರ ತೋರಿಸೋಣ, ಆದರೆ ನಿಧಾನಕ್ಕೆ ಎಂದು ಇಬ್ಬರೂ ಷರತ್ತು ಹಾಕಿದರು. ಒಬ್ಬರು ಇನ್ನೊಂದು ದಿನ ಇರೋಣ ಎಂದರೆ ಉಳಿದವರು ಒಪ್ಪಲೇಬೇಕು. ಸ್ಲೈಗೋದವಳಂತೂ ವಾರ್ಡಿನಲ್ಲಿ ಓಡಿ ಓಡಿ ಸಾಕಾಗಿದೆ, ಈ ಪ್ರಯಾಣದಲ್ಲಿ ಬಸ್ಸಿಗೂ ಓಡುವುದಿಲ್ಲ ಎಂದು ಘೋಷಿಸಿಬಿಟ್ಟಳು.

ಹೇಳಿದಂತೆಯೇ ಮಾಡಿದರು ಪುಣ್ಯಾತ್ಗಿತ್ತಿಯರು. ಲಿಮಾದಲ್ಲಿ ಸಮುದ್ರದ ಎದುರಿನ ಬೆಂಚಿನ ಮೇಲೆ ಬೆಳಿಗ್ಗೆ ಕೂತರೆ ಮಧ್ಯಾಹ್ನ ಏಳುತ್ತಿದ್ದರು. ನನಗೆ ಒಳಗೊಳಗೇ ಕುದಿಯುತ್ತಿತ್ತು, ಆದರೆ ಸುಳ್ಳು ಯಾಕೆ ಹೇಳಲಿ, ಕುಣಿಯುವಷ್ಟು ಖುಷಿಯೂ ಆಗುತ್ತಿತ್ತು. ಬೀದಿಯಲ್ಲಿ ಸುಟ್ಟ ಜೋಳ, ಹೆಸರೇ ಕೇಳಿರದ ಹಣ್ಣು, ಅರೆಕಿಪಾದಲ್ಲಿ ಬಿಳಿ ಕಲ್ಲಿನ ಇಡೀ ಊರು, ಅದರ ಹಿಂದೆ ಸುಮ್ಮನೆ ನಿಂತ ಜ್ವಾಲಾಮುಖಿ! ಒಂದೊಂದು ತಿರುವಿನಲ್ಲೂ ನಾನೇ ಮೊದಲು ಕೂಗುತ್ತಿದ್ದೆ, ನಾನೇ ಮೊದಲು ಗಡಿಯಾರವನ್ನೂ ನೋಡುತ್ತಿದ್ದೆ. ಹೀಗೆ ತೆವಳುತ್ತ ಕುಸ್ಕೋ ತಲುಪುವಷ್ಟರಲ್ಲಿ ರಜೆಯ ಹೆಚ್ಚು ಭಾಗ ಮುಗಿದಿತ್ತು.

ಕುಸ್ಕೋ ಬಹಳ ಎತ್ತರದ ಊರು. ಮೆಟ್ಟಿಲು ಹತ್ತಿದರೆ ಉಸಿರು ಸಿಗುವುದಿಲ್ಲ. ಒಬ್ಬ ಅಜ್ಜಿಯ ಮನೆಯ ಮಹಡಿಯಲ್ಲಿ ಕೋಣೆ ಹಿಡಿದಿದ್ದೆವು. ಮೊದಲ ದಿನವೇ ಡನ್ ಲಿಯರಿಯವಳು ತಲೆ ಸಿಡಿಯುತ್ತಿದೆ ಎಂದು ಮಲಗಿಬಿಟ್ಟಳು. ಸಂಜೆ ಅಜ್ಜಿ ಒಂದು ಅಲ್ಯೂಮಿನಿಯಂ ಪಾತ್ರೆಯಲ್ಲಿ ಬಿಸಿಬಿಸಿ ಆಲೂಗಡ್ಡೆ ಸೂಪು ತಂದುಕೊಟ್ಟರು, ಮಾಂಸ ಇಲ್ಲ ಎಂದು ಕೈ ಆಡಿಸಿ ತೋರಿಸಿದರು. ಅಷ್ಟು ಹಿತವಾದ ಸೂಪನ್ನು ನಾನು ಅಲ್ಲಿಯ ತನಕ ಕುಡಿದಿರಲಿಲ್ಲ.

ಮರುದಿನ ಪಾತ್ರೆ ತೊಳೆದಿಟ್ಟೆವು. ಆದರೆ ಕೊಟ್ಟವರ ಪಾತ್ರೆಯನ್ನು ಬರಿದಾಗಿ ವಾಪಸು ಮಾಡುವುದುಂಟೇ? ಮೂವರ ಮನೆಯಲ್ಲೂ ಅಮ್ಮಂದಿರು ಅದನ್ನು ಒಪ್ಪುತ್ತಿರಲಿಲ್ಲ. ಅಂಗಡಿಯಿಂದ ಅಕ್ಕಿ, ನಿಂಬೆಹಣ್ಣು ತಂದು, ನನ್ನ ಒಗ್ಗರಣೆ ಡಬ್ಬಿ ತೆಗೆದು, ಕೋಣೆಯ ಪುಟ್ಟ ಒಲೆಯ ಮೇಲೆ ಚಿತ್ರಾನ್ನ ಮಾಡಿದೆವು. ಆ ಎತ್ತರದಲ್ಲಿ ಕುಕ್ಕರಿಲ್ಲದೆ ಅಕ್ಕಿ ಬೇಯುವುದೇ ಇಲ್ಲ ಎಂದು ನಮಗೇನು ಗೊತ್ತು? ಬೆಂದಷ್ಟು ಬೆಂದಿತು ಎಂದು ಹಾಗೇ ಕೊಟ್ಟು ಬಂದೆವು. ಸಂಜೆ ಪಾತ್ರೆ ಮತ್ತೆ ಮೇಲೆ ಬಂತು. ನಮ್ಮದೇ ಚಿತ್ರಾನ್ನವನ್ನು ಅಜ್ಜಿ ಕುಕ್ಕರಿಗೆ ಹಾಕಿ, ಹಾಲು, ಚೀಸು ಬೆರೆಸಿ, ಗಟ್ಟಿ ಗಂಜಿ ಮಾಡಿ ಕಳಿಸಿದ್ದರು. ಸಾಸಿವೆ, ಕಡ್ಲೆಬೀಜ ಎಲ್ಲ ಅದರಲ್ಲಿ ತೇಲುತ್ತಿದ್ದವು. ನಾಚಿಕೆಯಾಯಿತು, ಆದರೂ ಪಾತ್ರೆ ನೆಕ್ಕಿ ತಿಂದೆವು.

ಈಗ ಸರಿಯಾಗಿ ಬೇಯಿಸಿ ಕೊಡದಿದ್ದರೆ ಮರ್ಯಾದೆ ಏನಾಗಬೇಕು? ಸ್ಲೈಗೋದವಳು ಇನ್ನೊಂದು ದಿನ ಇರೋಣ ಎಂದಳು. ಅಜ್ಜಿಯ ಕುಕ್ಕರನ್ನೇ ಕೇಳಿ ಪಡೆದು ಪೊಂಗಲ್ ಮಾಡಿ ಕೊಟ್ಟೆವು. ಬೇಯಿಸಿದ ಜೋಳ ತುಂಬಿ ಪಾತ್ರೆ ಬಂತು. ಪಾಯಸ ಹೋಯಿತು, ಬೀನ್ಸ್ ಬಂತು. ಅಜ್ಜಿಯ ಸೊಸೆ ಬಾಗಿಲಲ್ಲಿ ನಿಂತು ನಗುತ್ತಿದ್ದುದು ಯಾಕೆಂದು ಆಮೇಲೆ ತಿಳಿಯಿತು. ಅಜ್ಜಿಯೂ ನಮ್ಮ ಹಾಗೇ, ಬಂದ ಪಾತ್ರೆಯನ್ನು ಬರಿದಾಗಿ ಕಳಿಸುವವರಲ್ಲ. ಅಜ್ಜಿ ನಿಲ್ಲಿಸಲಿ ಎಂದು ನಾವು, ನಾವು ನಿಲ್ಲಿಸಲಿ ಎಂದು ಅಜ್ಜಿ. ಒಬ್ಬರೂ ಸೋಲಲಿಲ್ಲ, ದಿನಗಳು ಮಾತ್ರ ಹೋದವು.

ಕೊನೆಗೆ ಉಳಿದದ್ದು ಒಂದೇ ದಿನ. ಬೆಳಗಿನ ಬಸ್ಸು ಹಿಡಿದರೆ ಮಧ್ಯಾಹ್ನದ ಮೇಲೆ ಸರೋವರದ ದಡದ ಪುನೋ ಊರು, ಮರುದಿನ ಅದರ ಪಕ್ಕದ ಊರಿನಿಂದ ಲಿಮಾಗೆ ವಿಮಾನ, ಆಮೇಲೆ ಡಬ್ಲಿನ್. ಆ ಬಸ್ಸು ತಪ್ಪಿದರೆ ಸರೋವರವೂ ತಪ್ಪಿದಂತೆ. ಹಿಂದಿನ ಸಂಜೆಯೇ ನಾನು ಪಾತ್ರೆಗೆ ಕೇಸರಿಬಾತ್ ತುಂಬಿ ಅಜ್ಜಿಗೆ ಒಪ್ಪಿಸಿ, ಇನ್ನು ಏನೂ ಬೇಡ ಎಂದು ಕೈಮುಗಿದು ಬಂದಿದ್ದೆ.

ಬೆಳಿಗ್ಗೆ ಚೀಲ ಹೊತ್ತು ಕೆಳಗಿಳಿದರೆ ಅಜ್ಜಿ ಬಾಗಿಲಲ್ಲೇ ನಿಂತಿದ್ದಾರೆ, ಕೈಯಲ್ಲಿ ಸೂಪು ತುಂಬಿ ಹಬೆಯಾಡುವ ಪಾತ್ರೆ!

ಡನ್ ಲಿಯರಿಯವಳು ಮೆಲ್ಲಗೆ, ಏನಾದ್ರೂ ತುಂಬಿಸಿಕೊಟ್ಟು ಹೋಗೋಣ್ವಾ ಎಂದಳು. ನನಗೆ ಎಲ್ಲಿತ್ತೋ ಸಿಟ್ಟು, ತಡೆಯಲಾಗಲಿಲ್ಲ.

"ನಿಮಗೇನ್ರೇ, ನಿಮಗೆ ಆ ಸರೋವರ ಬರೀ ನೀರು. ನಾನು ಅದಕ್ಕೋಸ್ಕರಾನೇ ಬಂದಿರೋದು. ಬರ್ತೀರೋ, ಒಬ್ಬಳೇ ಹೋಗ್ಲೋ?"

ಹೇಳಿದ್ದೇನೋ ಹೇಳಿದೆ, ಕಾಲು ಮಾತ್ರ ಮುಂದೆ ಹೋಗಲಿಲ್ಲ. ಆ ಪಾತ್ರೆಯನ್ನು ಬರಿದು ಮಾಡಿ ಅಲ್ಲಿಟ್ಟು ಹೋಗಲು ನನ್ನಿಂದಲೇ ಆಗುತ್ತಿರಲಿಲ್ಲ. ಚೀಲವನ್ನೆಲ್ಲ ಕೆದಕಿ, ಇಡೀ ಪ್ರಯಾಣದಲ್ಲಿ ಇವರಿಬ್ಬರಿಗೂ ಚಮಚದ ಲೆಕ್ಕದಲ್ಲೇ ಕೊಟ್ಟಿದ್ದ ಅಮ್ಮನ ಚಟ್ನಿಪುಡಿಯ ಡಬ್ಬಿ ತೆಗೆದು ಅಜ್ಜಿಯ ಕೈಗಿಟ್ಟೆ. ಮುಚ್ಚಳ ತೆಗೆದು ಮೂಸಿದಾಗ ಅವರಿಗೆ ಸೀನು ಬಂತು. ನಕ್ಕರು. ನಾನು ಬಟ್ಟಲು ಕೊಡಿ, ಸೂಪು ಬಗ್ಗಿಸಿಕೊಳ್ಳುತ್ತೇವೆ ಎಂದು ಸನ್ನೆ ಮಾಡಿದೆ. ಅಜ್ಜಿ ಇಲ್ಲ ಎಂದು ತಲೆಯಾಡಿಸಿ, ಪಾತ್ರೆಯ ಮೇಲೆ ತಟ್ಟೆ ಮುಚ್ಚಿ, ಬಟ್ಟೆ ಕಟ್ಟಿ, ಪಾತ್ರೆ ಸಮೇತ ನನ್ನ ತೋಳಿಗೆ ಹಾಕಿದರು. ಬಸ್ ನಿಲ್ದಾಣದ ಕಡೆ ಕೈ ತೋರಿಸಿ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಪಾತ್ರೆಯನ್ನೇ ಕೊಟ್ಟುಬಿಟ್ಟ ಮೇಲೆ ವಾಪಸು ಮಾಡುವ ಪ್ರಶ್ನೆ ಎಲ್ಲಿಂದ ಬಂತು? ಅಜ್ಜಿಯೇ ಗೆದ್ದರು. ಲೀಕ್ಸ್‌ಲಿಪ್‌ನಲ್ಲಿ ಈಗ ನಾನು ಹಾಲು ಕಾಯಿಸುವುದು ಅದರಲ್ಲೇ.

ಆಮೇಲೆ ಓಡಿದೆವು ನೋಡಿ! ಉಸಿರು ಸಿಗದ ಊರಿನಲ್ಲಿ, ಕಲ್ಲು ಹಾಸಿದ ಇಳಿಜಾರಿನಲ್ಲಿ, ನನ್ನ ತೋಳಿನಲ್ಲಿ ಸೂಪು ತುಳುಕುತ್ತಿದೆ. ಎಲ್ಲರಿಗಿಂತ ಮುಂದೆ ಸ್ಲೈಗೋದವಳು. ಹೊರಟಿದ್ದ ಬಸ್ಸಿನ ಎದುರಿಗೆ ಹೋಗಿ ಎರಡೂ ಕೈ ಅಗಲಿಸಿ ನಿಂತವಳೂ ಅವಳೇ. ಸೀಟಿನಲ್ಲಿ ಬಿದ್ದು ಏದುಸಿರು ಬಿಡುತ್ತ, "ನಿನ್ನ ನೀರು ನೋಡ್ಲಿಕ್ಕೆ ನನ್ನ ಜೀವ ಹೋಯ್ತು ಮಾರಾಯ್ತಿ," ಎಂದಳು. ಬೆಳಗಿನ ಮಾತಿಗೆ ತಪ್ಪಾಯ್ತು ಕಣ್ರೇ ಎಂದೆ. ಇಬ್ಬರೂ ಸೂಪಿನಲ್ಲಿ ಮಗ್ನರಾಗಿದ್ದರು, ಕೇಳಿಸಿಕೊಂಡರೋ ಇಲ್ಲವೋ.

ಮಧ್ಯಾಹ್ನ ಕಳೆದ ಮೇಲೆ ರಸ್ತೆ ಒಂದು ದಿಬ್ಬ ದಾಟಿ ಇಳಿಯತೊಡಗಿತು. ಕೆಳಗೆ ಕಾಣಿಸಿಯೇಬಿಟ್ಟಿತು. ನೀಲಿ! ಆಚೆ ದಡವೇ ಇಲ್ಲ. ನಾನು ಕಿಟಕಿಯ ಗಾಜನ್ನು ಬಡಿಯುತ್ತ ಕೂತೆ.

ಊರ ದಡದಲ್ಲಿ ಪಾಚಿ ಕಟ್ಟಿತ್ತು. ತಿಳಿನೀರು ಸಿಗುವವರೆಗೆ ಬಹಳ ದೂರ ನಡೆದೆವು. ಅಲ್ಲಿ ಗೆಳತಿಯರಿಬ್ಬರೂ ಕಲ್ಲಿನ ಮೇಲೆ ಕೂತು, ನೀನು ಹೋಗು, ಇದು ನಿನ್ನದು ಎಂದರು. ಬೂಟು ಕಳಚಿ ಇಳಿದೆ. ನೀರು ಮೂಳೆ ಕೊರೆಯುವಷ್ಟು ತಣ್ಣಗಿತ್ತು. ಫೋನು ತೆಗೆದೆ. ತಿಪಟೂರಿನವರ ಬಾಯಿ ಮುಚ್ಚಿಸಲು ಬರೆದಿಟ್ಟುಕೊಂಡಿದ್ದ ಸಾಲು ಸಿದ್ಧವಾಗಿಯೇ ಇತ್ತು. ಓದಿಕೊಂಡೆ. ಎಷ್ಟು ಸಣ್ಣ ಮಾತಾಗಿ ಕಂಡಿತೆಂದರೆ ಫೋನನ್ನು ಹಾಗೇ ಜೇಬಿಗೆ ಹಾಕಿದೆ. ನಕ್ಕವರಿಗೆ ತೋರಿಸಬೇಕು ಎಂಬ ಆಸೆ ಎಲ್ಲಿ ಹೋಯಿತೋ. ಹಿಂದೆ ತಿರುಗಿ, "ಬನ್ರೇ ಇಬ್ರೂ, ಒಬ್ಬಳೇ ನೋಡಕ್ಕಾಗ್ತಿಲ್ಲ ನಂಗೆ," ಎಂದೆ.

ಪ್ಯಾಂಟು ಮಡಚಿ ಬಂದರು. ಎಡಕ್ಕೊಬ್ಬಳು, ಬಲಕ್ಕೊಬ್ಬಳು ನನ್ನ ಕೈ ಹಿಡಿದು ನಿಂತರು. ಸ್ವಲ್ಪ ಹೊತ್ತಿಗೆ ಡನ್ ಲಿಯರಿಯವಳ ಹಲ್ಲು ಕಟಕಟ ಎನ್ನತೊಡಗಿತು. ಹೊರಡೋಣವಾ, ಕತ್ತಲಾಗುತ್ತದೆ ಎಂದಳು.

"ಇರ್ರೇ," ಎಂದೆ, "ಏನವಸರ?"