ನಡುಗಿದ್ದು ಕೈಯಲ್ಲ

ಸಿದ್ದರಾಜು, ನಿನ್ನ ಹೆಂಡತಿ ಜಯಮ್ಮನ ಸಾವಿಗೆ ನಿನ್ನ ಕುಡಿತ ಕಾರಣವಲ್ಲ. ನಾನು ಕಾರಣ. ಊರೆಲ್ಲ ನಿನ್ನನ್ನು ದೂರುವಾಗ ನನಗೆ ನಿಜ ಗೊತ್ತಿತ್ತು—ಸುಮ್ಮನಿದ್ದೆ.

ಹಾರೋಹಳ್ಳಿಯಲ್ಲಿ ಕಾರ್ಖಾನೆಗಳು ಏಳುತ್ತಿದ್ದ ಕಾಲ ಅದು. ನನ್ನ ಗ್ಯಾರೇಜಿನ ಮುಂದೆ ಮಣ್ಣು ಹೊಡೆಯುವ ಹೊಸ ಟಿಪ್ಪರುಗಳು ಸಾಲುಗಟ್ಟಿದ್ದವು. ನಿನ್ನ ಹಳೇ ಟ್ರಾಕ್ಟರ್ ಕಂಡರೆ ನನಗೆ ತಾತ್ಸಾರ. ಸ್ಟೇರಿಂಗ್ ಸಡಿಲವಾಗಿದೆ, ಮುಂದಿನ ಚಕ್ರ ನಡುಗುತ್ತದೆ ಎಂದೆ ನೀನು. ನಾನು ಜಾಕ್ ಕೊಟ್ಟು ಎತ್ತಿದೆ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಬೇರಿಂಗ್ ಗಟ್ಟಿಯಾಗಿತ್ತು. ಅಕ್ಕಪಕ್ಕ ಹಿಡಿದು ಎಳೆದರೆ ಒಂದು ಚಕ್ರ ತಿರುಗಿ ತುಸು ತಡವಾಗಿ ಇನ್ನೊಂದು ತಿರುಗಿತು. ಎರಡೂ ಚಕ್ರ ಜೋಡಿಸುವ ರಾಡಿನ ತುದಿಯ ಗುಂಡು ಸವೆದುಹೋಗಿತ್ತು. ಬದಲಾಯಿಸಲೇಬೇಕಿತ್ತು. ಹೊಸದು ತರಲು ಕನಕಪುರಕ್ಕೆ ಹೋಗಿಬರಬೇಕು—ಯಾರು ಹೋಗುತ್ತಾರೆ ಅನ್ನಿಸಿತು. ಸೈಕಲ್ ಟ್ಯೂಬಿನ ತುಂಡೊಂದನ್ನು ಗುಂಡಿನ ಸುತ್ತ ತುರುಕಿ, ಬಿಗಿದು, ಮೇಲೆ ಗ್ರೀಸ್ ಮೆತ್ತಿದೆ. ನಮ್ಮ ಕಡೆ ಎಲ್ಲರೂ ಮಾಡುವ ಕೆಲಸವೇ. ನಾಲ್ಕು ದಿನ ಚಕ್ರದ ಅಲುಗಾಟ ನಿಲ್ಲುತ್ತದೆ, ಅಷ್ಟೆ. ಅದನ್ನು ನಿನಗೆ ಹೇಳಲಿಲ್ಲ.

ನೀನು ಮತ್ತೆ ಬಂದೆ. ಚಕ್ರ ಇನ್ನೂ ನಡುಗುತ್ತಿದೆ ಎಂದೆ. ನಾನು ಕೂತಲ್ಲಿಂದ ಏಳಲೂ ಇಲ್ಲ.

"ನಡುಗ್ತಿರೋದು ಚಕ್ರ ಅಲ್ಲ ಕಣ್ಲಾ, ನಿನ್ನ ಕೈ. ಸಂಜೆ ಹಾಕೋದ ಒಸಿ ಕಮ್ಮಿ ಮಾಡು."

ಅಲ್ಲಿದ್ದವರೆಲ್ಲ ನಕ್ಕರು. ನೀನೂ ನಕ್ಕೆ—ಪಾಪ, ಕೈ ನೋಡಿಕೊಂಡು ನಕ್ಕೆ. ಎಲುಬಿಲ್ಲದ ನಾಲಿಗೆ ನನ್ನದು, ಆಡಿಬಿಟ್ಟಿತು.

ಅದೇ ವಾರ ಶುಕ್ರವಾರ ಬೆಳಿಗ್ಗೆ ನೀವಿಬ್ಬರೂ ಕಬ್ಬಾಳಮ್ಮನಿಗೆ ಮಡಿಲಕ್ಕಿ ಕೊಡಲು ಹೊರಟಿರಿ. ಜಯಮ್ಮ ಮಡ್‌ಗಾರ್ಡ್ ಮೇಲೆ ಕೂತಿದ್ದಳಂತೆ. ಕೆರೆ ಏರಿಯ ತಿರುವಿನಲ್ಲಿ ಟ್ರಾಕ್ಟರ್ ಕೆಳಗುರುಳಿತು. ಎಳೆಯಲು ನನ್ನನ್ನೇ ಕರೆದರು. ಮುಂದಿನ ಚಕ್ರಗಳು ಒಂದೊಂದು ದಿಕ್ಕಿಗೆ ನೋಡುತ್ತಿದ್ದವು. ರಾಡು ಕಳಚಿ ಬಿದ್ದಿತ್ತು, ತುದಿಯಲ್ಲಿ ನನ್ನ ರಬ್ಬರ್ ತುಂಡು ನೇತಾಡುತ್ತಿತ್ತು. ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ಬಿದ್ದ ಪೆಟ್ಟಿಗೆ ರಾಡು ಕಳಚಿದೆ ಎಂದು ಪೊಲೀಸರಿಗೆ ಹೇಳಿದೆ. ರಾತ್ರಿಯ ಕುಡಿತ ಇಳಿದಿರಲಿಲ್ಲ ಎಂದು ಜನ ಹೇಳಿದರು. ನಾನು ಹೌದೆಂದು ತಲೆಯಾಡಿಸಿದೆ.

ಜಯಮ್ಮನನ್ನು ಮಣ್ಣು ಮಾಡಿದ ಮೇಲೆ ನೀನು ನನ್ನ ಹತ್ತಿರ ಬಂದು ಕೇಳಿದ್ದು ಒಂದೇ ಮಾತು.

"ಅಣ್ಣ, ನಿಜ ಹೇಳು. ಗಾಡಿ ಸರಿಯಾಗಿತ್ತಾ?"

"ಸರಿಯಾಗೇ ಇತ್ತು ಕಣಪ್ಪ."

ಅಂದಿನಿಂದ ನೀನು ಹೆಂಡ ಮುಟ್ಟಿಲ್ಲ, ಸ್ಟೇರಿಂಗೂ ಮುಟ್ಟಿಲ್ಲ. ಕಾರ್ಖಾನೆಯ ಗೇಟು ಕಾಯುತ್ತೀಯ. ಹೋಟೆಲಿನಲ್ಲಿ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತೀಯ, ನಡುಗದಿದ್ದರೂ. ಅದನ್ನು ನೋಡಿದಾಗಲೆಲ್ಲ ನನಗೆ—ಬೇಡ, ನನ್ನ ಸಂಕಟದ ಮಾತು ಇಲ್ಲಿ ಬೇಡ.

ನಾಳೆ ಆ ಹೋಟೆಲಿಗೇ ಬರುತ್ತೇನೆ. ಅಂದು ನಕ್ಕವರಲ್ಲಿ ಹಲವರು ಈಗಲೂ ಅಲ್ಲೇ ಟೀ ಕುಡಿಯುತ್ತಾರೆ. ಅವರೆದುರಿಗೇ ಹೇಳುತ್ತೇನೆ, ಆಮೇಲೆ ಪೊಲೀಸ್ ಠಾಣೆಗೆ ಹೋಗುತ್ತೇನೆ. ನೀನು ಕ್ಷಮಿಸಬೇಕಾಗಿಲ್ಲ. ಲೋಟವನ್ನು ಒಂದೇ ಕೈಯಲ್ಲಿ ಹಿಡಿ, ಸಿದ್ದರಾಜು. ನಿನ್ನ ಕೈ ಅವತ್ತೂ ನಡುಗಿರಲಿಲ್ಲ.